ಟ್ರ್ಯಾಕ್ಟರಿಗೆ ಹಗ್ಗ ಕಟ್ಟುವ ಮುನ್ನ

ಟೈಮಿಂಗ್ ಬೆಲ್ಟ್ ಹೊಸದು ಹಾಕಿದ ಮೇಲೆ ಕಾರು ಚಾಲೂ ಆಗದಿದ್ದರೆ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವುದು ಟ್ರ್ಯಾಕ್ಟರ್. ಸಂತೆಕಲ್ಲೂರಿರಲಿ, ಮಸ್ಕಿ ಕಡೆಯ ಯಾವುದೇ ಹಳ್ಳಿಯಿರಲಿ, ಕೂಗಳತೆಯಲ್ಲಿ ಒಂದು ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಅದರ ಟ್ರಾಲಿಯಲ್ಲಿ ಹಗ್ಗವೂ ಇರುತ್ತದೆ. ‘ಸೆಲ್ಫಿಗೆ ಆಗವಲ್ದು, ಎಳದ್ರ ಆಗ್ತದ ತಗೋರಿ’ ಎಂದು ಯಾರಾದರೂ ಅನ್ನುತ್ತಾರೆ. ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡು, ಊರ ಹೊರಗಿನ ರಸ್ತೆಯಲ್ಲಿ ನೂರು ಮಾರು ಎಳೆಸಿ ಕ್ಲಚ್ ಬಿಡುತ್ತಾರೆ. ಬ್ಯಾಟರಿ ಕುಂತ ಗಾಡಿಗೆ ಈ ಉಪಾಯ ನಡೆದೀತು. ಆಗಷ್ಟೇ ಬೆಲ್ಟ್ ಬದಲಿಸಿದ ಗಾಡಿಗೆ ಮಾತ್ರ ಇದು ಎಂಜಿನ್ನನ್ನೇ ಕೊಲ್ಲುವ ಕೆಲಸ. ಮತ್ತೊಮ್ಮೆ ಕವರ್ ಬಿಚ್ಚಿ ಗುರುತು ಕೂಡಿಸಿದರೆ ಮುಗಿಯುತ್ತಿದ್ದ ತಪ್ಪು, ಹೆಡ್ ಇಳಿಸಿ ವಾಲ್ವ್ ಬದಲಿಸುವ ಖರ್ಚಾಗಿ ಬೆಳೆಯುವುದು ಆ ನೂರು ಮಾರಿನಲ್ಲೇ.

ಯಾಕೆ ಹೀಗೆ ಎಂಬುದನ್ನು ತಿಳಿಯಲು ಎಂಜಿನ್ನಿನ ಒಳಗೆ ಸ್ವಲ್ಪ ಇಣುಕಬೇಕು. ಕೆಳಗೆ ಕ್ರ್ಯಾಂಕ್ ಶಾಫ್ಟ್ ಇದೆ. ಪಿಸ್ಟನ್‌ಗಳ ಏರಿಳಿತವೆಲ್ಲ ಅದಕ್ಕೆ ಜೋಡಿಸಿಕೊಂಡಿದೆ. ಮೇಲೆ, ಹೆಡ್ಡಿನಲ್ಲಿ ಕ್ಯಾಮ್ ಶಾಫ್ಟ್ ಇದೆ. ಗಾಳಿಯನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಬಿಡುವ ವಾಲ್ವ್‌ಗಳನ್ನು ಒತ್ತಿ ತೆರೆಯುವುದು ಅದರ ಕೆಲಸ. ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ಹಾಕಬೇಕು. ಆದ್ದರಿಂದಲೇ ಕ್ಯಾಮ್ ಗಾಲಿಯ ಹಲ್ಲುಗಳು ಕ್ರ್ಯಾಂಕ್ ಗಾಲಿಯ ಹಲ್ಲುಗಳ ಸರಿಯಾಗಿ ಎರಡರಷ್ಟಿರುತ್ತವೆ. ಈ ಎರಡನ್ನೂ ಒಂದೇ ಲೆಕ್ಕಕ್ಕೆ ಕಟ್ಟಿ ಹಾಕಿರುವುದು ಒಳಮೈಯಲ್ಲಿ ಹಲ್ಲಿರುವ ರಬ್ಬರ್ ಪಟ್ಟಿ. ಅದೇ ಟೈಮಿಂಗ್ ಬೆಲ್ಟ್. ಹೊಲಕ್ಕೆ ಹದ ಹೇಗೋ ಎಂಜಿನ್ನಿಗೆ ಟೈಮಿಂಗ್ ಹಾಗೆ. ಬೀಜ, ಗೊಬ್ಬರ, ಎತ್ತು, ಕೂರಿಗೆ ಎಲ್ಲ ಇದ್ದೂ ಹದ ತಪ್ಪಿ ಬಿತ್ತಿದರೆ ಬೆಳೆ ಬರುವುದಿಲ್ಲ. ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರಾದ ಸಂತೆಕಲ್ಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಲ್ಲಿನ ಬೆಲ್ಟ್ ಮೊದಲು ಬಂದದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ರೂಪಿಸಿದ್ದು ಹೊಲಿಗೆ ಯಂತ್ರಕ್ಕೆ. ಮೇಲಿನ ಸೂಜಿ ಇಳಿಯುವ ಹೊತ್ತಿಗೆ ಕೆಳಗಿನ ಬಾಬಿನ್ ಕೊಕ್ಕೆ ಸರಿಯಾದ ಜಾಗಕ್ಕೆ ಬರಬೇಕಲ್ಲ, ಅದಕ್ಕೆ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ ತನ್ನ 1004 ಕಾರಿನಲ್ಲಿ ಅದನ್ನು ಕ್ಯಾಮ್ ತಿರುಗಿಸಲು ಬಳಸಿತು. ಸದ್ದಿಲ್ಲ, ಆಯಿಲ್ ಬೇಡ, ಹಗುರ, ಅಗ್ಗ. ಹಾಗಾಗಿ ಜಗತ್ತಿನ ಬಹಳಷ್ಟು ಸಣ್ಣ ಕಾರುಗಳಿಗೆ ಹಬ್ಬಿತು. ನಮ್ಮಲ್ಲಿ ಮಾರುತಿ 800, ಓಮ್ನಿ, 796 ಸಿಸಿಯ ಹಳೇ ಆಲ್ಟೊ, ಮೊದಲ ತಲೆಮಾರಿನ ಸ್ಯಾಂಟ್ರೊ, 1.1 ಲೀಟರಿನ ಐ10, ಇಂಡಿಕಾ ಡೀಸೆಲ್, ಡಸ್ಟರ್ ಡೀಸೆಲ್ ಇವೆಲ್ಲ ಬೆಲ್ಟಿನ ಗಾಡಿಗಳು. ಆಲ್ಟೊ ಕೆ10, ಸ್ವಿಫ್ಟಿನ 1.3 ಡೀಸೆಲ್ ಇವು ಚೈನಿನವು. ಬೆಂಗಳೂರು, ಹೈದರಾಬಾದುಗಳಲ್ಲಿ ಓಡಿ ಸಾಕಾಗಿ ನಮ್ಮ ಹಳ್ಳಿಗಳಿಗೆ ಎರಡನೇ, ಮೂರನೇ ಕೈಯಾಗಿ ಬರುವ ಕಾರುಗಳಲ್ಲಿ ಬೆಲ್ಟಿನವು ಬಹಳ. ಯಾವಾಗ ಬೆಲ್ಟ್ ಹಾಕಿಸಿದ್ದು ಎಂಬ ದಾಖಲೆ ಅವುಗಳ ಜೊತೆ ಬರುವುದು ಅಪರೂಪ.

ಟ್ರ್ಯಾಕ್ಟರಿನ ಕತೆಯೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಟ್ರ್ಯಾಕ್ಟರ್ ರಿಪೇರಿಯಲ್ಲಿ ಪಳಗಿದ ಊರು. ಸುತ್ತಲಿನ ಮಿಸ್ತ್ರಿಗಳಲ್ಲಿ ಅನೇಕರ ಕೈ ಕುದುರಿದ್ದು ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಯೇ. ನಾವು ಓಡಿಸುವ ಟ್ರ್ಯಾಕ್ಟರುಗಳಲ್ಲಿ ಕ್ರ್ಯಾಂಕಿನಿಂದ ಕ್ಯಾಮಿಗೆ, ಅಲ್ಲಿಂದ ಡೀಸೆಲ್ ಪಂಪಿಗೆ ಕಬ್ಬಿಣದ ಹಲ್ಲುಗಾಲಿಗಳೇ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒಮ್ಮೆ ಗುರುತಿಗೆ ಗುರುತು ಕೂಡಿಸಿ ಕವರ್ ಮುಚ್ಚಿದರೆ ಹಲ್ಲು ಮುರಿಯದೆ ಟೈಮಿಂಗ್ ಜರುಗುವ ಮಾತಿಲ್ಲ. ಎಳೆಯಿರಿ, ತಳ್ಳಿರಿ, ಇಳಿಜಾರಿನಲ್ಲಿ ಬಿಡಿ, ಅದಕ್ಕೇನೂ ಆಗದು. ಅದೇ ಧೈರ್ಯವನ್ನು ರಬ್ಬರ್ ಬೆಲ್ಟಿನ ಕಾರಿಗೂ ತರುವುದರಿಂದಲೇ ನಷ್ಟ. ಬೆಲ್ಟ್ ಸಡಿಲಿದ್ದರೆ ಹಲ್ಲು ಹಾರುತ್ತದೆ. ಕೂಡಿಸುವಾಗಲೇ ತಪ್ಪಿದ್ದರೆ, ಮುಚ್ಚಿರಬೇಕಾದ ವಾಲ್ವ್ ತೆರೆದುಕೊಂಡಿರುವಾಗ ಪಿಸ್ಟನ್ ಮೇಲೇರಿ ಬಂದು ಅದಕ್ಕೆ ಗುದ್ದುತ್ತದೆ. ಸೆಲ್ಫ್ ಹೊಡೆದಾಗ ಎಂಜಿನ್ ನಿಮಿಷಕ್ಕೆ 200ರಿಂದ 250 ಸುತ್ತು ತಿರುಗುತ್ತದೆ. ಎರಡನೇ ಗೇರಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಎಳೆದರೆ ಸಣ್ಣ ಕಾರಿನ ಎಂಜಿನ್ 1500 ಸುತ್ತನ್ನೂ ದಾಟುತ್ತದೆ. ನಿಧಾನಕ್ಕೆ ತಾಗಿದ್ದರೆ ಉಳಿಯುತ್ತಿದ್ದ ವಾಲ್ವ್ ಆ ವೇಗದಲ್ಲಿ ಬಾಗದೆ ಇರಲಾರದು.

ಎಲ್ಲ ಎಂಜಿನ್ನುಗಳಲ್ಲೂ ಪಿಸ್ಟನ್ನು ವಾಲ್ವಿಗೆ ಬಡಿಯುವುದಿಲ್ಲ, ನಿಜ. ಕೆಲವುಗಳಲ್ಲಿ ಎರಡರ ನಡುವೆ ಸಾಕಷ್ಟು ಜಾಗ ಬಿಟ್ಟಿರುತ್ತಾರೆ. ಆದರೆ ಡೀಸೆಲ್ಲಿನಲ್ಲಿ ಆ ಜಾಗ ಒಂದು ಮಿಲಿಮೀಟರಿನ ಆಸುಪಾಸು. ಪೆಟ್ರೋಲಿನಲ್ಲೂ ನಂಬುವಂತಿಲ್ಲ. ಗೊತ್ತಿಲ್ಲದಿದ್ದರೆ ಬಡಿಯುವ ಎಂಜಿನ್ನೇ ಅಂದುಕೊಂಡು ಕೈ ಹಾಕುವುದು ಕ್ಷೇಮ.

ಹಾಗಾಗಿ ಮೊದಲ ಕೆಲಸ ಸುಮ್ಮನೆ ನಿಲ್ಲಿಸುವುದು. ಎರಡು ಸಲ ಸೆಲ್ಫ್ ಹೊಡೆದು ಆಗಲಿಲ್ಲವೆಂದರೆ ಕಾರಣ ಹುಡುಕದೆ ಮೂರನೆಯದು ಬೇಡ. ಬೆಳಿಗ್ಗೆ ತಾನಾಗಿ ಓಡಿಕೊಂಡು ಶೆಡ್ಡಿಗೆ ಬಂದ ಗಾಡಿ ಸಂಜೆ ಚಾಲೂ ಆಗದಿದ್ದರೆ, ತಪ್ಪು ಬೆಳಿಗ್ಗೆಯಿಂದ ಸಂಜೆಯೊಳಗೆ ಕೈ ತಾಗಿದ ಜಾಗದಲ್ಲೇ ಇರುವುದು ಹೆಚ್ಚು. ಇಂಜೆಕ್ಟರ್ ಹೋಯಿತು, ಎಂಜಿನ್ನಿನ ಕಂಪ್ಯೂಟರಾದ ಇಸಿಎಂ ಸುಟ್ಟಿತು, ಪೆಟ್ರೋಲಿನಲ್ಲಿ ಕಲಬೆರಕೆ ಎಂದು ಊಹೆ ಕಟ್ಟುತ್ತ ಹೋಗುವ ಮೊದಲು, ಏನೇನು ಬಿಚ್ಚಿದೆವು ಎಂದು ನೆನಪಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೆಲ್ಟ್ ಹಾಕಲು ಬ್ಯಾಟರಿ ತಂತಿ ತೆಗೆದಿರುತ್ತಾರೆ. ಹಲವು ಕಾರುಗಳಲ್ಲಿ ಒಂದು ಕಡೆಯ ಎಂಜಿನ್ ಮೌಂಟ್ ಬಿಚ್ಚಿರುತ್ತಾರೆ. ಅದರ ಜೊತೆ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿಯೂ ಕಳಚಿರಬಹುದು. ಸೆಲ್ಫ್ ಹೊಡೆದರೆ ಬರೀ ‘ಟಕ್’ ಎನ್ನುತ್ತದೆ, ಇಲ್ಲವೇ ತೂಕಡಿಸಿದಂತೆ ತಿರುಗುತ್ತದೆ ಎಂದಾದರೆ ಮೊದಲು ನೋಡಬೇಕಾದದ್ದು ಈ ಎರಡನ್ನು. ಕೀಲಿ ತಿರುಗಿಸಿದಾಗ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಪಂಪಿನ ಸಣ್ಣ ಗುಂಯ್ ಸದ್ದು ಒಂದೆರಡು ಸೆಕೆಂಡು ಕೇಳುತ್ತದೆಯೇ, ಕೀಲಿಯ ಚಿತ್ರವಿರುವ ಇಮೊಬಿಲೈಸರ್ ದೀಪ ಮಿನುಗುತ್ತ ಉಳಿದಿದೆಯೇ ಎಂಬುದೂ ಇಷ್ಟರಲ್ಲೇ ಗೊತ್ತಾಗುತ್ತದೆ.

ಮುಂದಿನದು ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕ್ ಎಲ್ಲಿದೆ, ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಇಸಿಎಂಗೆ ಹೇಳುವ ಕಣ್ಣು ಅದು. ಅದು ಕುರುಡಾದರೆ ಪ್ಲಗ್ಗಿಗೆ ಕರೆಂಟೂ ಇಲ್ಲ, ಇಂಜೆಕ್ಟರಿಗೆ ಆಜ್ಞೆಯೂ ಇಲ್ಲ. ಎಷ್ಟೋ ಕಾರುಗಳಲ್ಲಿ ಅದು ಕೆಳಗಿನ ಪುಲ್ಲಿಯ ಪಕ್ಕದಲ್ಲೇ, ಬೆಲ್ಟಿನ ಕೆಲಸ ನಡೆಯುವ ಜಾಗದಲ್ಲೇ ಇರುತ್ತದೆ. ಸಾಕೆಟ್ ಹಾಕಲು ಮರೆತಿರಬಹುದು, ತಂತಿ ಕವರಿನಡಿ ಸಿಕ್ಕಿ ಕತ್ತರಿಸಿರಬಹುದು, ಸೆನ್ಸರಿನ ಮುಂದೆ ತಿರುಗುವ ಹಲ್ಲಿನ ತಗಡನ್ನು ಹಿಂದುಮುಂದಾಗಿ ಹಾಕಿರಬಹುದು. ಭತ್ತದ ಸೀಮೆಯವರಾದ ನಾವು ಇಲಿಯನ್ನು ಮರೆಯುವಂತಿಲ್ಲ. ಬಿಡಿಭಾಗ ಬರಲೆಂದು ಗಾಡಿ ಬಾನೆಟ್ ತೆರೆದು ರಾತ್ರಿ ಶೆಡ್ಡಿನಲ್ಲಿ ನಿಂತಿದ್ದರೆ ತಂತಿಯ ಮೇಲಿನ ಹೊದಿಕೆಯನ್ನು ಬೆರಳಿನಿಂದ ಸವರಿ ನೋಡಬೇಕು. ಸೆಲ್ಫ್ ಹೊಡೆಯುವಾಗ ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮುಳ್ಳು ತುಸುವಾದರೂ ಅಲುಗಿದರೆ ಸಾಮಾನ್ಯವಾಗಿ ಸೆನ್ಸರ್ ಜೀವಂತವಿದೆ ಎಂದರ್ಥ. ಸ್ಕ್ಯಾನರ್ ಇದ್ದವರಿಗೆ ಇದು ಇನ್ನೂ ಸುಲಭ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರಿನ ದಾರಿ, ಪಿ0340 ಬಂದರೆ ಕ್ಯಾಮ್ ಸೆನ್ಸರಿನ ದಾರಿ. ಪಿ0016 ಬಂದರೆ ಎರಡೂ ಸೆನ್ಸರುಗಳು ಬದುಕಿವೆ, ಆದರೆ ಒಂದು ಹೇಳಿದ್ದಕ್ಕೂ ಇನ್ನೊಂದು ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲ ಎಂದರ್ಥ. ಬೆಲ್ಟ್ ಹಾಕಿದ ಮೇಲೆ ಈ ಕೊನೆಯ ಕೋಡ್ ಕಂಡರೆ ಬೇರೇನನ್ನೂ ಹುಡುಕದೆ ನೇರ ಗುರುತು ನೋಡಲು ಹೋಗಬೇಕು.

ಪ್ಲಗ್ಗಿನ ತಂತಿಗಳನ್ನು ಅದಲುಬದಲು ಮಾಡುವುದೂ ಉಂಟು. ನಾಲ್ಕು ಸಿಲಿಂಡರಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಉರಿಯುವ ಸರದಿ 1-3-4-2. ಹಳೇ ಮಾರುತಿಗಳ ಮೂರು ಸಿಲಿಂಡರಿನದು 1-3-2. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಈ ತಕರಾರೇ ಬರುವುದಿಲ್ಲ.

ಇಷ್ಟರಲ್ಲಿ ಸಿಗದಿದ್ದರೆ ಕಿವಿಗೆ ಕೆಲಸ. ಸರಿಯಿರುವ ಎಂಜಿನ್ನು ಸೆಲ್ಫಿಗೆ ತಿರುಗುವಾಗ ಒಂದು ತಾಳವಿರುತ್ತದೆ. ಪ್ರತಿ ಸಿಲಿಂಡರ್ ಗಾಳಿಯನ್ನು ಒತ್ತುವಾಗ ಸ್ವಲ್ಪ ಬಿಗಿ, ಆಮೇಲೆ ಸಡಿಲ, ಮತ್ತೆ ಬಿಗಿ. ಟೈಮಿಂಗ್ ತಪ್ಪಿದರೆ ಆ ಬಿಗಿ ಮಾಯವಾಗಿ ಎಂಜಿನ್ನು ಯಾವ ಭಾರವೂ ಇಲ್ಲದಂತೆ ಸರಸರ ತಿರುಗುತ್ತದೆ. ಒಂದೆರಡು ಸಿಲಿಂಡರಿನ ವಾಲ್ವ್ ಮಾತ್ರ ಬಾಗಿದ್ದರೆ ತಾಳ ಕುಂಟುತ್ತದೆ. ಏರ್ ಫಿಲ್ಟರಿನ ಕಡೆಯಿಂದ ‘ಫಟ್’ ಎಂದು ಗಾಳಿ ವಾಪಸ್ ಉಗುಳಿದರೆ ಒಳಬಿಡುವ ವಾಲ್ವ್ ತೆರೆದಿರುವಾಗಲೇ ಕಿಡಿ ಹಾರಿದೆ ಎಂಬ ಸುಳಿವು. ಕರೆಂಟು ಇದೆ, ಪೆಟ್ರೋಲ್ ಇದೆ, ಪ್ಲಗ್ಗು ಒದ್ದೆಯಾಗಿದೆ, ಆದರೂ ಉರಿಯುತ್ತಿಲ್ಲ. ಹಾಗಿದ್ದರೆ ಉಳಿದಿರುವುದು ಕಂಪ್ರೆಶನ್ ಒಂದೇ.

ಇಂಥದೊಂದು ಗಾಡಿಯ ಮುಂದೆ ನಡೆದದ್ದನ್ನು ನಾನು ನಿಂತು ನೋಡಿದ್ದೇನೆ. ನಾಲ್ಕು ಸಿಲಿಂಡರಿನ ಹಳೇ ಪೆಟ್ರೋಲ್ ಕಾರು. ಒಡೆಯರು ನಿವೃತ್ತ ಮಾಸ್ತರು. ಬೆಲ್ಟ್ ಹಾಕಿದ ಹುಡುಗ ಕೆಲಸದಲ್ಲಿ ಶ್ರದ್ಧೆಯುಳ್ಳವನೇ. ಸೆಲ್ಫಿಗೆ ಎಂಜಿನ್ನು ಸರಾಗ ತಿರುಗುತ್ತಿತ್ತು, ನಡುನಡುವೆ ಏರ್ ಫಿಲ್ಟರಿನಲ್ಲಿ ಫಟ್ ಎನ್ನುತ್ತಿತ್ತು. ಟ್ರ್ಯಾಕ್ಟರ್ ತರಲು ಒಬ್ಬರು ಹೊರಟೇಬಿಟ್ಟಿದ್ದರು. ಆಗ ಪಕ್ಕದ ಶೆಡ್ಡಿನ ಹಿರಿಯ ಮಿಸ್ತ್ರಿ ಬಂದರು.

‘ಮಾರ್ಕ್ ಕೂಡಿಸಿಯೇನೋ ತಮ್ಮಾ?’

‘ಕೂಡಿಸೀನಿ ಚಾಚಾ. ಪುಲ್ಲಿ ಮ್ಯಾಗಿನ ಗೀಟು ಸೊನ್ನೆಕ್ಕ ತಂದs ಬಿಚ್ಚೀನಿ.’

‘ಆವಾಗ ಮ್ಯಾಲಿನ ಕ್ಯಾಮ್ ಮಾರ್ಕ್ ಎಲ್ಲಿತ್ತು?’

ಹುಡುಗ ಸ್ವಲ್ಪ ತಡೆದ. ‘ಅದು ಒಂಚೂರು ಸರದಿತ್ತು. ಹಳೇ ಬೆಲ್ಟ್ ಜಗ್ಗೇದ ಅಂದ್ಕೊಂಡು, ಬೆಲ್ಟ್ ತಗದ ಮ್ಯಾಲ ತಿರುವಿ ಕೂಡಿಸಿದೆ.’

‘ಗಾಡಿ ಇಲ್ಲಿಗೆ ಬಂದಾಗ ಚಲೋ ಓಡ್ತಿತ್ತಲ್ಲ? ಹಂಗಾದ್ರ ಕ್ಯಾಮ್ ಸರೀನೇ ಇತ್ತು. ಪುಲ್ಲಿ ಸುಳ್ಳು ಹೇಳೇದ.’

ಆ ಒಂದು ಮಾತಿನಲ್ಲಿ ಇಡೀ ರೋಗನಿದಾನವಿತ್ತು. ಕೆಳಗಿನ ಹೊರಪುಲ್ಲಿ ಒಂದೇ ಕಬ್ಬಿಣದ ತುಂಡಲ್ಲ. ನಡುವಿನ ಗುಂಬಕ್ಕೂ ಹೊರಗಿನ ಬಳೆಗೂ ಮಧ್ಯೆ, ಅದುರು ಹೀರಲೆಂದು, ರಬ್ಬರಿನ ಉಂಗುರ ಇರುತ್ತದೆ. ವರ್ಷಗಳಾದ ಮೇಲೆ ರಬ್ಬರ್ ಹಿಡಿತ ಬಿಟ್ಟರೆ ಹೊರಗಿನ ಬಳೆ ತುಸು ತುಸುವೇ ಜಾರುತ್ತದೆ. ಅದರ ಮೇಲಿನ ಗೀಟೂ ಅದರೊಡನೆ ಜಾರುತ್ತದೆ. ಆ ಗೀಟು ಸೊನ್ನೆಯಲ್ಲಿದ್ದರೂ ಪಿಸ್ಟನ್ ಮೇಲಿಲ್ಲ. ಟೈಮಿಂಗ್ ಕೂಡಿಸಲು ನೋಡಬೇಕಾದದ್ದು ಪುಲ್ಲಿ ಬಿಚ್ಚಿದ ಮೇಲೆ ಕಾಣುವ ಒಳಗಿನ ಹಲ್ಲುಗಾಲಿಯ ಚುಕ್ಕೆ ಮತ್ತು ಅದರೆದುರು ಆಯಿಲ್ ಪಂಪಿನ ಮೈಮೇಲೆ ಕೊರೆದ ಗುರುತು. ಅಲ್ಲೂ ಒಂದು ಮೋಸವಿದೆ. ಕೆಲವು ಗಾಲಿಗಳಲ್ಲಿ ಚುಕ್ಕೆ ಒಂದು ಕಡೆ, ಕೀಲಿ ಕೂರುವ ತೋಡು ಇನ್ನೊಂದು ಕಡೆ. ತೋಡನ್ನೇ ಗುರುತೆಂದು ತಿಳಿದರೆ ಮತ್ತೆ ತಪ್ಪು.

ಚಾಚಾ ನಾಲ್ಕೂ ಪ್ಲಗ್ ಬಿಚ್ಚಿಸಿದರು. ಪಂಪಿನ ಫ್ಯೂಸ್ ತೆಗೆಸಿ, ಕಾಯಿಲಿನ ಸಾಕೆಟ್ ಕಳಚಿಸಿ, ಮಾಸ್ತರಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಹೇಳಿ, ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ ನೋಡಿದರು. ಇಂಥ ಎಂಜಿನ್ನಿನಲ್ಲಿ 150ರಿಂದ 180 ಪಿಎಸ್‌ಐ ಬರಬೇಕಾದಲ್ಲಿ ನಾಲ್ಕರಲ್ಲೂ 90ರ ಆಸುಪಾಸು ಬಂತು. ‘ನಾಲ್ಕೂ ಸಮ ಅದಾವ. ವಾಲು ಉಳದಾವ’ ಎಂದರು. ಮಾಸ್ತರ ಮುಖದಲ್ಲಿ ನೆತ್ತರು ಮರಳಿ ಬಂತು.

ಕಂಪ್ರೆಶನ್ ಗೇಜಿನ ಈ ಓದನ್ನು ಪ್ರತಿಯೊಬ್ಬ ಕಾರಿನ ಒಡೆಯನೂ ತಿಳಿದಿರಬೇಕೆಂದು ನನಗನ್ನಿಸುತ್ತದೆ. ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮ ಕಡಿಮೆಯಿದ್ದರೆ ಟೈಮಿಂಗ್ ತಪ್ಪಿರುವ ಸಂಭವ ಹೆಚ್ಚು, ಲೋಹಕ್ಕೆ ಪೆಟ್ಟಾಗಿಲ್ಲ ಎಂಬ ಆಸೆ ಇಟ್ಟುಕೊಳ್ಳಬಹುದು. ಒಂದೆರಡರಲ್ಲಿ ಮಾತ್ರ ಮುಳ್ಳು ಸೊನ್ನೆ ಬಿಟ್ಟು ಏಳದಿದ್ದರೆ, ಉಳಿದವು ಸರಿಯಿದ್ದರೆ, ವಾಲ್ವ್ ಬಾಗಿದೆ. ಎಲ್ಲದರಲ್ಲೂ ಸೊನ್ನೆ ಬಂದರೆ ಎರಡೂ ಇರಬಹುದು. ಮೊದಲು ಟೈಮಿಂಗ್ ಸರಿಮಾಡಿ ಮತ್ತೊಮ್ಮೆ ಗೇಜ್ ಹಾಕಿ ನೋಡುವವರೆಗೆ ತೀರ್ಪು ಕೊಡಬಾರದು. ‘ಹೆಡ್ ಇಳಿಸಬೇಕು’ ಎಂದು ಯಾರಾದರೂ ಹೇಳಿದರೆ, ‘ಗೇಜ್ ಹಾಕಿ ತೋರಿಸಿ’ ಎಂದು ಕೇಳುವ ಹಕ್ಕು ದುಡ್ಡು ಕೊಡುವವನಿಗಿದೆ.

ಆಮೇಲೆ ಅವರು ಮಾಡಿದ್ದನ್ನು ಹತ್ತಿರದಿಂದ ನೋಡಬೇಕಿತ್ತು. ಮೊದಲನೇ ಸಿಲಿಂಡರಿನ ಪ್ಲಗ್ ತೂತಿನೊಳಗೆ ಉದ್ದನೆಯ ಪ್ಲಾಸ್ಟಿಕ್ ಕಡ್ಡಿಯೊಂದನ್ನು ಪಿಸ್ಟನ್ನಿಗೆ ತಾಗುವ ಹಾಗೆ ಇಳಿಬಿಟ್ಟರು. ಹುಡುಗ ಕೆಳಗೆ ಕೂತು ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಬಹಳ ನಿಧಾನ ತಿರುಗಿಸಿದ. ಕಡ್ಡಿ ಮೇಲೇರತೊಡಗಿತು. ಒಂದು ಹಂತದಲ್ಲಿ ಏರುವುದು ನಿಂತು, ಕ್ಷಣ ತಡೆದು, ಇಳಿಯಲು ಹವಣಿಸಿತು. ‘ನಿಂದ್ರು’ ಎಂದರು. ಪಿಸ್ಟನ್ ತುದಿ ಮುಟ್ಟಿದ ಜಾಗ ಅದು. ಆಗ ಹೊರಪುಲ್ಲಿಯ ಗೀಟು ಸೊನ್ನೆಯಿಂದ ಎರಡು ಬೆರಳಿನಷ್ಟು ದೂರ ನಿಂತಿತ್ತು. ಪುಲ್ಲಿ ಬಿಚ್ಚಿ ನೋಡಿದರೆ ಒಳಗಾಲಿಯ ಚುಕ್ಕೆ ಆಯಿಲ್ ಪಂಪಿನ ಗುರುತಿಗೆ ಕರಾರುವಾಕ್ಕಾಗಿ ಎದುರಾಗಿತ್ತು. ಮೇಲೆ ಕ್ಯಾಮಿನ ಗುರುತು ಹೊರಗೆ ಹೋಗಿತ್ತು. ಬೆಲ್ಟ್ ಎರಡು ಹಲ್ಲು ಆಚೆ ಕೂತಿತ್ತು. ಕಡ್ಡಿಯ ಈ ಉಪಾಯ ಪ್ಲಗ್ ತೂತು ಪಿಸ್ಟನ್ನಿನ ನೇರ ಮೇಲೆ ಇರುವ ಎಂಜಿನ್ನಿಗೆ ಮಾತ್ರ ಸಲ್ಲುತ್ತದೆ. ಒಳಗೇ ಮುರಿದು ಬೀಳುವ ಜೋಳದ ದಂಟು, ಬೆಂಕಿಕಡ್ಡಿ ಹಾಕಬಾರದು. ಕಡ್ಡಿ ಒಳಗಿರುವಾಗ ಸೆಲ್ಫ್ ಮುಟ್ಟಲೇಬಾರದು.

ಎರಡು ಹಲ್ಲು ಎಂದರೆ ಎಷ್ಟು? ಕ್ರ್ಯಾಂಕ್ ಗಾಲಿಗೆ 20 ಹಲ್ಲಿದೆ ಎಂದಿಟ್ಟುಕೊಳ್ಳಿ. 360 ಡಿಗ್ರಿಯನ್ನು 20ರಿಂದ ಭಾಗಿಸಿದರೆ ಒಂದು ಹಲ್ಲಿಗೆ 18 ಡಿಗ್ರಿ. ಎರಡು ಹಲ್ಲಿಗೆ 36. ಒಂದು ಹಲ್ಲು ತಪ್ಪಿದರೆ ಗಾಡಿ ಹೆಚ್ಚಾಗಿ ಚಾಲೂ ಆಗುತ್ತದೆ, ಆದರೆ ನಡುಗುತ್ತದೆ, ಏರು ಹತ್ತಲು ಹಿಂಜರಿಯುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಎರಡು ತಪ್ಪಿದರೆ ಚಾಲೂ ಆಗುವುದೇ ಕಷ್ಟ. ಹೆಚ್ಚು ಹಲ್ಲು ತಪ್ಪಿದಷ್ಟೂ ವಾಲ್ವಿಗೂ ಪಿಸ್ಟನ್ನಿಗೂ ಜಗಳ ಶುರುವಾಗುವ ಭಯ ಹೆಚ್ಚು.

ಗುರುತು ಕೂಡಿಸಿಯೂ ತಪ್ಪುವುದು ಇನ್ನೊಂದು ಕಾರಣಕ್ಕೆ. ಬೆಲ್ಟಿನ ಎರಡು ಕಡೆಗಳಲ್ಲಿ ಒಂದು ಎಳೆಯುವ ಕಡೆ, ಇನ್ನೊಂದು ಟೆನ್ಷನರ್ ಇರುವ ಕಡೆ. ಎಳೆಯುವ ಕಡೆ ಒಂದಿಷ್ಟೂ ಜೋಲು ಬಿಡದೆ ಬಿಗಿಯಾಗಿ ಕೂರಿಸಿಕೊಂಡು ಬಂದು, ಉಳಿದ ಸಡಿಲೆಲ್ಲ ಟೆನ್ಷನರ್ ಕಡೆಗೆ ಬರುವ ಹಾಗೆ ಹಾಕಬೇಕು. ಎಳೆಯುವ ಕಡೆ ಜೋಲು ಉಳಿದರೆ, ಟೆನ್ಷನರ್ ಬಿಟ್ಟ ಕೂಡಲೇ ಆ ಜೋಲು ಎಳೆದುಕೊಂಡು ಕ್ಯಾಮ್ ಒಂದು ಹಲ್ಲು ಸರಿಯುತ್ತದೆ. ಕಣ್ಣೆದುರು ಕೂಡಿದ್ದ ಗುರುತು ಕವರ್ ಮುಚ್ಚುವಷ್ಟರಲ್ಲಿ ತಪ್ಪಿರುತ್ತದೆ. ಆದ್ದರಿಂದ ಬೆಲ್ಟ್ ಹಾಕಿ, ಟೆನ್ಷನರ್ ಬಿಗಿಮಾಡಿದ ಮೇಲೆ, ಸೆಲ್ಫ್ ಮುಟ್ಟುವ ಮೊದಲು, ಪಾನಾದಿಂದ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ಕೈಯಲ್ಲೇ ತಿರುಗಿಸಬೇಕು. ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಹೆಚ್ಚಿನ ಕಾರುಗಳಲ್ಲಿ ಪುಲ್ಲಿಯ ಕಡೆಯಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕು. ಹಳೇ ಹೋಂಡಾ ಸಿಟಿಯಂಥ ಕೆಲವಕ್ಕೆ ಉಲ್ಟಾ. ಹಿಂದಕ್ಕೆ ತಿರುಗಿಸಿದರೆ ಬಿಗಿ ಟೆನ್ಷನರ್ ಮೇಲೆ ಬಿದ್ದು ಹಲ್ಲು ಹಾರುವ ಅಪಾಯವಿದೆ. ತಿರುಗಿಸುವಾಗ ಎಲ್ಲಾದರೂ ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ ಗಟ್ಟಿಯಾಗಿ ನಿಂತರೆ ಅಲ್ಲೇ ಕೈ ಬಿಡಬೇಕು, ಜೋರು ಮಾಡಬಾರದು. ಪ್ಲಗ್ ತೆಗೆದು ತಿರುಗಿಸಿದರೆ ಕಂಪ್ರೆಶನ್ನಿನ ಬಿಗಿ ಇರುವುದಿಲ್ಲ, ಹಾಗಾಗಿ ಈ ತಾಗುವಿಕೆ ಅಂಗೈಗೆ ಸ್ಪಷ್ಟ ಗೊತ್ತಾಗುತ್ತದೆ. ಎರಡು ಸುತ್ತಿನ ನಂತರ ಕೆಳಗಿನ, ಮೇಲಿನ ಎರಡೂ ಗುರುತು ಮತ್ತೆ ಕೂಡಿದರೆ ಸರಿ. ಐದು ನಿಮಿಷದ ಕೆಲಸ. ಬಹುತೇಕ ಅನಾಹುತಗಳು ಈ ಐದು ನಿಮಿಷ ಉಳಿಸಲು ಹೋಗಿಯೇ ಆದವು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಹೊಸ ಬೆಲ್ಟುಗಳ ಬೆನ್ನಿನ ಮೇಲೆ ಬಿಳಿ ಗೀಟು ಹೊಡೆದಿರುತ್ತಾರೆ. ಹಾಕುವಾಗ ಅವು ಗಾಲಿಯ ಗುರುತಿಗೆ ಕೂಡುತ್ತವೆ. ಎರಡು ಸುತ್ತು ತಿರುಗಿಸಿದ ಮೇಲೆ ಕೂಡುವುದಿಲ್ಲ. ಬೆಲ್ಟಿನ ಹಲ್ಲಿನ ಸಂಖ್ಯೆಗೂ ಗಾಲಿಯ ಹಲ್ಲಿನ ಸಂಖ್ಯೆಗೂ ಸರಿ ಭಾಗ ಬಾರದ್ದರಿಂದ ಅವು ಮತ್ತೆ ಒಂದಾಗಲು ಹತ್ತಾರು ಸುತ್ತು ಬೇಕು. ಇದನ್ನು ತಿಳಿಯದೆ, ಸರಿಯಾಗಿ ಕೂಡಿದ್ದ ಬೆಲ್ಟನ್ನು ಗಾಬರಿಯಿಂದ ಬಿಚ್ಚಿ ಕೆಡಿಸಿದವರಿದ್ದಾರೆ. ತಿರುಗಿಸಿದ ಮೇಲೆ ನೋಡಬೇಕಾದದ್ದು ಗಾಲಿಗಳ ಗುರುತನ್ನು ಮಾತ್ರ.

ಇಂಡಿಕಾದಂಥ ಹಳೇ ಡೀಸೆಲ್ಲಿನಲ್ಲಿ ಅದೇ ಬೆಲ್ಟು ಮೂರನೆಯ ಗಾಲಿಯನ್ನೂ ತಿರುಗಿಸುತ್ತದೆ, ಅದು ಡೀಸೆಲ್ ಪಂಪಿನದು. ಕ್ರ್ಯಾಂಕ್, ಕ್ಯಾಮ್ ಎರಡೂ ಕೂಡಿ ಪಂಪಿನ ಗುರುತು ತಪ್ಪಿದರೆ ಕಂಪ್ರೆಶನ್ ಚೆನ್ನಾಗಿರುತ್ತದೆ, ಡೀಸೆಲ್ ಮಾತ್ರ ಹೊತ್ತಲ್ಲದ ಹೊತ್ತಿಗೆ ಒಳಗೆ ಬೀಳುತ್ತದೆ. ಇಲ್ಲಿ ಸೈಲೆನ್ಸರ್ ಕಡೆ ನೋಡಬೇಕು. ಸೆಲ್ಫ್ ಹೊಡೆದಾಗ ದಟ್ಟ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೇ ಹೋಗುತ್ತಿಲ್ಲ. ಪೈಪ್ ಬಿಚ್ಚಿದಾಗ ಗಾಳಿ ಸೇರಿರಬಹುದು, ಅದನ್ನು ಕೈಪಂಪು ಒತ್ತಿ ಹೊರಗೆ ಹಾಕಬೇಕು. ಅಥವಾ ಪಂಪಿನ ಮೇಲಿನ ಕಟ್-ಆಫ್ ಸೊಲೆನಾಯ್ಡಿನ ಒಂಟಿ ತಂತಿ ಸಿಕ್ಕಿಸಲು ಮರೆತಿರಬಹುದು. ಟ್ರ್ಯಾಕ್ಟರಿನಲ್ಲಿ ಏರ್ ತೆಗೆದು ರೂಢಿಯಾದ ನಮ್ಮ ಮಿಸ್ತ್ರಿಗಳಿಗೆ ಗಾಳಿ ಹೊರಹಾಕುವುದು ಎಡಗೈ ಕೆಲಸ. ಅವರು ಮರೆಯುವುದು ಸೊಲೆನಾಯ್ಡಿನ ತಂತಿಯನ್ನೇ.

ವಾಲ್ವ್ ಬಾಗಿಯೇ ಬಿಟ್ಟಿದ್ದರೆ? ಹೆಡ್ ಇಳಿಸುವುದು ಅನಿವಾರ್ಯ. ಆದರೆ ಆಗಲೂ ಇಡೀ ಎಂಜಿನ್ ಬದಲಿಸಬೇಕೆಂಬ ಮಾತಿಗೆ ಒಮ್ಮೆಲೇ ತಲೆಯಾಡಿಸಬೇಡಿ. ಬಾಗಿದ ವಾಲ್ವ್ ಬದಲಿಸಿ, ಗೈಡ್ ಬಿರುಕು ಬಿಟ್ಟಿದೆಯೇ ನೋಡಿ, ಸೀಟಿಗೆ ಉಜ್ಜಿ ಕೂರಿಸಿ, ಹೆಡ್ಡಿನ ಮೈ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿದರೆ ಬಹಳಷ್ಟು ಎಂಜಿನ್ನುಗಳು ಮತ್ತೆ ವರ್ಷಗಟ್ಟಲೆ ಓಡುತ್ತವೆ. ಪಿಸ್ಟನ್ನಿನ ತಲೆಯ ಮೇಲೆ ಸಣ್ಣ ಅರ್ಧಚಂದ್ರದ ಗಾಯವಿದ್ದರೆ ಹೆದರಬೇಕಿಲ್ಲ. ತೂತು ಅಥವಾ ಬಿರುಕು ಇದ್ದರೆ ಮಾತು ಬೇರೆ. ಬಿಚ್ಚಿದ ವಾಲ್ವ್‌ಗಳನ್ನು ತೋರಿಸಲು ಕೇಳಿ. ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ತಾನಾಗಿ ಕುಣಿಯುತ್ತದೆ.

ಮಾಸ್ತರ ಗಾಡಿಯಲ್ಲಿ ಅಷ್ಟು ದೂರ ಹೋಗಲಿಲ್ಲ. ಬೆಲ್ಟ್ ಇಳಿಸಿ ಮತ್ತೆ ಹಾಕಿ, ಎರಡು ಸುತ್ತು ತಿರುಗಿಸಿ, ಗೇಜ್ ಇಟ್ಟರೆ ನಾಲ್ಕರಲ್ಲೂ 160 ದಾಟಿತು. ಪ್ಲಗ್ ಒಣಗಿಸಿ ಹಾಕಿದ ಮೇಲೆ ಒಂದೇ ಸೆಲ್ಫಿಗೆ ಎಂಜಿನ್ ಹಿಡಿಯಿತು. ಜಾರಿದ ಆ ಪುಲ್ಲಿಯನ್ನು ಮತ್ತೆ ಹಾಕಬಾರದೆಂದು ಚಾಚಾ ಹಟ ಹಿಡಿದು, ಹೊಸದನ್ನು ತರಿಸಿಯೇ ಗಾಡಿ ಬಿಟ್ಟರು. ಅದರ ಬೋಲ್ಟನ್ನು ಟಾರ್ಕ್ ಪಾನಾದಿಂದ ಕಂಪನಿ ಹೇಳಿದ ಲೆಕ್ಕಕ್ಕೇ ಬಿಗಿ ಮಾಡಿದರು. ಆ ಬೋಲ್ಟ್ ಸಡಿಲಾದರೆ ಗಾಲಿ ಅಲುಗಿ ಅಲುಗಿ ಕೀಲಿಯ ತೋಡನ್ನೇ ಅಗಲ ಮಾಡುತ್ತದೆ. ಆಗ ಬೆಲ್ಟ್ ಹೊಸದಿದ್ದರೂ ಟೈಮಿಂಗ್ ದಿನದಿನಕ್ಕೆ ಜರುಗುತ್ತದೆ, ಕ್ರ್ಯಾಂಕಿನ ತುದಿಯೇ ಕೆಟ್ಟು ಹೋಗುತ್ತದೆ.

ಬೆಲ್ಟ್ ಹಾಕಿಸುವಾಗ ಟೆನ್ಷನರ್, ಐಡ್ಲರ್ ಬೇರಿಂಗ್ ಕೂಡ ಜೊತೆಗೇ ಬದಲಿಸುವುದು ಲೇಸು. ಹಳೇ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟನ್ನೂ ಹರಿಯುತ್ತದೆ. ಕ್ಯಾಮ್, ಕ್ರ್ಯಾಂಕ್ ಸೀಲಿನಲ್ಲಿ ಆಯಿಲ್ ಜಿನುಗುತ್ತಿದ್ದರೆ ಅದನ್ನು ನಿಲ್ಲಿಸದೆ ಬೆಲ್ಟ್ ಹಾಕುವುದು ದುಡ್ಡು ದಂಡ, ಆಯಿಲ್ ಬಿದ್ದ ರಬ್ಬರ್ ಉಬ್ಬಿ ಹಲ್ಲು ಬಿಡುತ್ತದೆ. ಹಾಗೆಯೇ ಬೆಲ್ಟಿನ ಆಯಸ್ಸು ಕಿಲೋಮೀಟರಿನಲ್ಲಷ್ಟೇ ಇಲ್ಲ, ವರ್ಷಗಳಲ್ಲೂ ಇದೆ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ನಿಂತ ಗಾಡಿಯ ರಬ್ಬರ್ ಓಡದೆಯೂ ಒಣಗುತ್ತದೆ. ಮೀಟರಿನಲ್ಲಿ ಕಡಿಮೆ ಓಡಿದೆ ಎಂದು ತೋರಿಸಿ ಮಾರಿದ ಹಳೇ ಕಾರು ಕೊಂಡವರು ಮೊದಲು ಮೇಲಿನ ಕವರಿನ ಎರಡು ಬೋಲ್ಟ್ ಬಿಚ್ಚಿಸಿ ಬೆಲ್ಟಿನ ಬೆನ್ನು, ಹಲ್ಲಿನ ಬುಡ ನೋಡಿಸಲಿ. ಹಾಕಿಸಿದವರು ತಾರೀಖು, ಆಗಿನ ಕಿಲೋಮೀಟರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿಡಲಿ. ಗಾಡಿ ಮತ್ತೊಬ್ಬರ ಕೈಗೆ ಹೋದಾಗ ಅವರ ಮಿಸ್ತ್ರಿ ಮೊದಲು ಓದುವುದು ಆ ಚೀಟಿಯನ್ನೇ.